ಒಂದು ಶಾಲು, ನಾಲ್ಕು ಮನೆ

ಮೇಷ್ಟ್ರು ತೀರಿಕೊಂಡ ಮೇಲೆ ಶಾಲೆಯ ಅಂಗಳದಲ್ಲಿ ನಡೆದ ಶ್ರದ್ಧಾಂಜಲಿ ಸಭೆಯಲ್ಲಿ ಐದು ಮಂದಿ ಮಾತನಾಡಿದರು. ಐವರೂ ಒಂದೇ ಮಾತನ್ನು ಐದು ಬಗೆಯಲ್ಲಿ ಹೇಳಿದರು: ಅವರು ಜೀವಮಾನದಲ್ಲಿ ಯಾರ ಮೇಲೂ ಕೋಪ ಮಾಡಿಕೊಂಡವರಲ್ಲ, ಅವರದು ಕೂಸಿನಂಥ ಮನಸ್ಸು. ಇದು ನಿಜವಲ್ಲ. ನನ್ನ ಮೇಲೆಯೇ ಅವರು ವಾರಕ್ಕೆ ಎರಡು ಸಲವಾದರೂ ಕೋಪ ಮಾಡಿಕೊಳ್ಳುತ್ತಿದ್ದರು. ಒಮ್ಮೆ ಕೈಯಲ್ಲಿದ್ದ ಬಾಳೆಹಣ್ಣನ್ನು ನನ್ನತ್ತ ಎಸೆದಿದ್ದರು. ಅದೂ ಸುಲಿದ ಹಣ್ಣು. ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕೆಂಬ ರೂಢಿಯನ್ನು ಯಾರು ಹಾಕಿದರೋ ಅರಿಯೆ. ಅದರಿಂದ ಸತ್ತವರಿಗೆ ಆಗುವ ನಷ್ಟ ಮಾತ್ರ ದೊಡ್ಡದು. ಕೋಪವನ್ನೂ ಹಟವನ್ನೂ ತೆಗೆದುಹಾಕಿದ ಮೇಲೆ ಉಳಿಯುವುದು ಗೋಡೆಗೆ ತೂಗುಹಾಕುವ ಫೋಟೊ. ನಾನು ಬಲ್ಲ ಮನುಷ್ಯ ಫೋಟೊ ಆಗಿರಲಿಲ್ಲ.

ಅವರ ಹೆಸರು ಇಲ್ಲಿ ಬೇಡ. ತಮಿಳುನಾಡಿನ ಗಡಿಯ ನಮ್ಮ ಸೀಮೆಯಲ್ಲಿ, ತಳಿಯೆಂಬ ಊರಿನಿಂದ ಉದ್ದನಪಲ್ಲಿಯವರೆಗೆ ಯಾರೂ ಅವರನ್ನು ಹೆಸರು ಹಿಡಿದು ಕರೆದದ್ದಿಲ್ಲ; ಅವರ ಹೆಂಡತಿಯೂ ‘ಮೇಷ್ಟ್ರು ಬಂದ್ರು’ ಎಂದೇ ಹೇಳುತ್ತಿದ್ದರು. ಉದ್ದನಪಲ್ಲಿಯಲ್ಲಿ ಒಂದೇ ಬೆಂಚಿನ ಮೇಲೆ ಕುಳಿತು ಅಕ್ಷರ ಕಲಿತವರು ನಾವಿಬ್ಬರು. ಎಂಟನೆಯ ತರಗತಿಗೆ ನಾನು ಬೆಂಚನ್ನು ಬಿಟ್ಟೆ. ಅವರು ಬಿಡದೆ ಓದಿ, ಬೆಂಚಿನ ಎದುರಿನ ಕುರ್ಚಿಯವರೆಗೂ ಹೋದರು. ತಳಿಯ ಕಡೆಯ ಸರ್ಕಾರಿ ಶಾಲೆಯಲ್ಲಿ ಕನ್ನಡ ಮಾಧ್ಯಮದ ಮಕ್ಕಳಿಗೆ ಪಾಠ ಹೇಳಿದರು. ನಾನು ಹೊಸೂರಿನ ಒಂದು ಕಾರ್ಖಾನೆಯಲ್ಲಿ, ತಯಾರಾದ ಬಿಡಿಭಾಗಗಳನ್ನು ಅಳೆದು ನೋಡಿ ಒಪ್ಪುವ ಇಲ್ಲವೇ ತಿರಸ್ಕರಿಸುವ ವಿಭಾಗದಲ್ಲಿ ದುಡಿದೆ. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಕೆಂಪು ಚೀಟಿ ಅಂಟಿಸುವುದು ನನ್ನ ಕೆಲಸ. ಮೂರು ದಶಕ ಮಾಡಿದ ಕೆಲಸ ಮನುಷ್ಯನ ಕಣ್ಣಿಗೇ ಅಂಟಿಕೊಳ್ಳುತ್ತದೆ. ಉಳಿದ ಓದನ್ನು ವಾಚನಾಲಯದಲ್ಲಿ ಕುಳಿತು, ಯಾವ ಪುಸ್ತಕದ ಮಾತನ್ನೂ ಇನ್ನೊಂದು ಪುಸ್ತಕವನ್ನು ಕೇಳದೆ ನಂಬದೆ, ನಾನೇ ಓದಿಕೊಂಡೆ. ಹೀಗಾಗಿ ಅವರಿಗೆ ನಾನು ‘ಇನ್ಸ್‌ಪೆಕ್ಟ್ರು’. ಮಾತಿನಲ್ಲಿ ನಾವು ಏಕವಚನದವರು. ಬರಹದಲ್ಲಿ ಮಾತ್ರ ಅವರಿಗೆ ಸಲ್ಲಬೇಕಾದದ್ದನ್ನು ಸಲ್ಲಿಸುತ್ತಿದ್ದೇನೆ.

“ನಂಬುದ್ರೆ ನಿನ್ ಗಂಟೇನ್ಲಾ ಹೋಯ್ತದೆ?” ಎಂಬುದು ಅವರು ನನಗೆ ಅತಿ ಹೆಚ್ಚು ಸಲ ಹೇಳಿದ ಮಾತು. ಈ ಮಾತನ್ನು ಹೇಳುವ ಮೊದಲು ಕನ್ನಡಕ ತೆಗೆದು, ಹೆಗಲ ಮೇಲಿನ ಟವೆಲಿನಿಂದ ಒರೆಸಿ, ಮತ್ತೆ ಹಾಕಿಕೊಳ್ಳುತ್ತಿದ್ದರು. ಕನ್ನಡಕ ಕೊಳೆಯಾಗಿರುತ್ತಿರಲಿಲ್ಲ, ಟವೆಲೇ ಕೊಳೆಯಾಗಿರುತ್ತಿತ್ತು.

ಅವರ ಪಾಠದ ಕ್ರಮ ಯಾವ ತರಬೇತಿ ಶಾಲೆಯಲ್ಲೂ ಕಲಿಸುವಂಥದ್ದಲ್ಲ. ಅಂಚೆಟ್ಟಿ ಕಡೆಯ ಮಕ್ಕಳು ಶಾಲೆಗೆ ಬರಲು ಮೈಲಿಗಟ್ಟಲೆ ನಡೆಯಬೇಕಾಗಿತ್ತು, ನಡುನಡುವೆ ಬರುವುದನ್ನೇ ನಿಲ್ಲಿಸಿಬಿಡುತ್ತಿದ್ದರು. ಮೇಷ್ಟ್ರು ಹಾಗೆ ಬಿಟ್ಟ ಮಗುವಿನ ಮನೆಗೆ ನಡೆದು ಹೋಗುತ್ತಿದ್ದರು. ಯಾಕೆ ಬರಲಿಲ್ಲ ಎಂದು ಕೇಳುತ್ತಿರಲಿಲ್ಲ. ಮಜ್ಜಿಗೆ ಕೇಳಿ ಕುಡಿದು, ಜಗುಲಿಯ ಮೇಲೆ ಕುಳಿತು, ಮನೆಮಂದಿಗೆಲ್ಲ ಒಂದು ಕಥೆ ಹೇಳುತ್ತಿದ್ದರು. ಕಥೆ ನಡುಮಧ್ಯಕ್ಕೆ ಬಂದಾಗ ಎದ್ದು, “ಮಿಕ್ಕಿದ್ದು ನಾಳೆ ಇಸ್ಕೂಲ್ನಾಗೆ” ಎಂದು ಚಪ್ಪಲಿ ಮೆಟ್ಟುತ್ತಿದ್ದರು. ಮಾರನೆಯ ದಿನ ಮಗು ಬರುತ್ತಿತ್ತು. ಒಂದು ಸಲ ಮಗುವಿನ ಜೊತೆಗೆ ಅದರ ಅಜ್ಜಿಯೂ ಬಂದು ಹಿಂದಿನ ಬೆಂಚಿನಲ್ಲಿ ಕುಳಿತಿದ್ದಳು.

ಅವರು ಅತಿ ಹೆಚ್ಚು ಹೇಳಿದ ಕಥೆ ಬಾಗಿಲು ಹೊತ್ತ ಮುದುಕನದು. ಮಲೆಯ ಹಳ್ಳಿಯ ಒಬ್ಬ ಮುದುಕ ಪೇಟೆಗೆ ಹೋಗಿ ತನ್ನ ಮನೆಗೆ ಹೊಸ ಬಾಗಿಲು ಮಾಡಿಸಿ, ಬೆನ್ನಿಗೆ ಕಟ್ಟಿಕೊಂಡು ಬೆಟ್ಟ ಹತ್ತುತ್ತಾನೆ. ಬೆಟ್ಟದ ನೆತ್ತಿಯಲ್ಲಿ ಮಂಜು ಕವಿದು ದಾರಿ ಕಾಣದಾಗುತ್ತದೆ. ಬಾಗಿಲನ್ನು ಒಂದು ಬಂಡೆಗೆ ಒರಗಿಸಿ ಅದರ ಹಿಂದೆ ಕುಳಿತುಕೊಳ್ಳುತ್ತಾನೆ. ದಾರಿ ತಪ್ಪಿದ ಕುರಿಗಾಹಿಯೊಬ್ಬ ಬರುತ್ತಾನೆ. ಸುತ್ತ ಗೋಡೆಯಿಲ್ಲ, ಮೇಲೆ ಸೂರಿಲ್ಲ. ಪಕ್ಕದಿಂದ ಬಂದು ಕುಳಿತರೆ ಕೇಳುವವರಿಲ್ಲ. ಆದರೂ ಆತ ಬಾಗಿಲು ತಟ್ಟುತ್ತಾನೆ. ಮುದುಕ ‘ಯಾರು?’ ಎನ್ನುತ್ತಾನೆ, ತೆರೆಯುತ್ತಾನೆ, ಒಳಗೆ ಬಾ ಎಂದು ಕರೆಯುತ್ತಾನೆ. ಮಂಜು ಸರಿಯುವ ಹೊತ್ತಿಗೆ ಏಳು ಮಂದಿ ಆ ಬಾಗಿಲ ಹಿಂದೆ ಕುಳಿತಿರುತ್ತಾರೆ. ತಟ್ಟದೆ ಬಂದವರು ಒಬ್ಬರೂ ಇರುವುದಿಲ್ಲ. ಇಷ್ಟೇ ಕಥೆ.

ಬಂಡೆಗೆ ಒರಗಿಸಿದ ಬಾಗಿಲು ತೆರೆಯುವುದು ಹೇಗೆ, ಚೌಕಟ್ಟು ಎಲ್ಲಿದೆ, ತಿರುಗಣಿ ಎಲ್ಲಿದೆ ಎಂದು ನಾನು ಕೇಳಿದ್ದೆ. ಬಾಳೆಹಣ್ಣು ಬಂದದ್ದು ಆಗಲೇ.

ಈ ಕಥೆ ಅವರಿಗೆ ಸಿಕ್ಕಿದ್ದು, ಹೊಸದಾಗಿ ಕೆಲಸಕ್ಕೆ ಸೇರಿದ್ದಾಗ, ಹೊಸೂರಿನ ಹಳೆಯ ಕಾಗದದ ಅಂಗಡಿಯಲ್ಲಿ ಬಿದ್ದಿದ್ದ ಒಂದು ಕನ್ನಡ ಪುಸ್ತಕದಲ್ಲಿ. ರಟ್ಟು ಹೋಗಿತ್ತು, ಮೊದಲ ಹಾಳೆಗಳು ಹೋಗಿದ್ದವು. ಕಥೆಯ ತಲೆಬರಹದ ಕೆಳಗೆ ‘ಜಾರ್ಜಿಯನ್ ಕಥೆ’ ಎಂಬ ಒಂದು ಸಾಲು ಮಾತ್ರ ಉಳಿದಿತ್ತು. ಬರೆದವರ ಹೆಸರು ಕಳೆದುಹೋದ ಹಾಳೆಯಲ್ಲಿತ್ತು. ಮುಂದೆ ಮಕ್ಕಳ ಕೈಯಲ್ಲೂ ಗೆದ್ದಲಿನ ಬಾಯಲ್ಲೂ ಸಿಕ್ಕಿ ಆ ಪುಸ್ತಕವೂ ಹೋಯಿತು. ಕಥೆ ಮೇಷ್ಟ್ರ ಬಾಯಲ್ಲಿ ಉಳಿಯಿತು, ಉಳಿದದ್ದಲ್ಲದೆ ಬೆಳೆಯಿತು. ಬೆಟ್ಟ ಅಂಚೆಟ್ಟಿಯ ಘಾಟಿಯಾಯಿತು, ಬಾಗಿಲು ಹಲಸಿನ ಮರದ್ದಾಯಿತು, ಕುರಿಗಾಹಿಯ ಬುತ್ತಿಯಲ್ಲಿ ರಾಗಿಮುದ್ದೆ ಕಾಣಿಸಿಕೊಂಡಿತು. ಒಂದನೆಯ ತರಗತಿಯವರಿಗೆ ಹೇಳುವಾಗ ಏಳನೆಯವನಾಗಿ ಒಂದು ಕರಡಿ ಬಂದು, ಅದೂ ತಟ್ಟಿಯೇ ಒಳಗೆ ಬರುತ್ತಿತ್ತು.

ಒಂದು ಕೊರಗು ಮಾತ್ರ ಅವರನ್ನು ಬಿಡಲಿಲ್ಲ. ನಿವೃತ್ತಿಯ ದಿನ ಸನ್ಮಾನ ಮುಗಿಸಿ ನಮ್ಮ ಮನೆಗೆ ಬಂದು ಕುಳಿತವರು ಹೇಳಿದರು: “ಬರ್ದೋರ ಹೆಸ್ರು ಹೇಳ್ದೆ ಇಷ್ಟು ವರ್ಷ ಕಥೆ ಹೇಳಿವ್ನಿ ಕಣ್ಲಾ. ಕದ್ದ ತೆಂಗಿನ್ಕಾಯಿ ದೇವ್ರಿಗೆ ಒಡ್ದಂಗಾಯ್ತು. ಸಾಯೋದ್ರಾಗೆ ಅವ್ರು ಯಾರು ಅಂತ ತಿಳ್ಕೊಂಡು ಒಂದ್ ಶಾಲು ಹೊದಿಸ್ಬೇಕು.”

“ಅವರು ಬದುಕಿದ್ದಾರೆ ಅಂತ ಯಾರು ಹೇಳುದ್ರು ನಿಂಗೆ?” ಎಂದೆ.

“ಸತ್ತವ್ರೆ ಅಂತ ನಿಂಗ್ಯಾರ್ ಹೇಳುದ್ರು?” ಎಂದರು.

ಮೇಷ್ಟ್ರ ಮೊಮ್ಮಗಳು ಪವಿತ್ರ, ಮಗಳ ಮಗಳು, ಪ್ಲಸ್ ಟೂ ಮುಗಿಸಿ ಇಲ್ಲಿ ವೈದ್ಯಕೀಯ ಸೀಟು ಸಿಗದಿದ್ದಾಗ ಮನೆಯಲ್ಲಿ ಮಾತುಕತೆ ನಡೆಯಿತು. ಹೊಸೂರು ಬಸ್ ನಿಲ್ದಾಣದ ಸುತ್ತ, ಹೊರದೇಶದಲ್ಲಿ ಡಾಕ್ಟರಾಗಿ ಎಂದು ತಮಿಳಿನಲ್ಲಿ ಕೂಗುವ ಫಲಕಗಳಿವೆ. ಮೂರು ದೇಶಗಳ ಕಾಗದಪತ್ರಗಳನ್ನು ಚಾಪೆಯ ಮೇಲೆ ಹರಡಿಕೊಂಡು ಅಳಿಯಂದಿರು ಹವಾಮಾನ, ಊಟ, ಪರೀಕ್ಷೆ ಎಂದು ಒಂದೊಂದನ್ನೇ ತೂಗುತ್ತಿದ್ದರು. ಮೇಷ್ಟ್ರು ಕನ್ನಡಕ ಒರೆಸಿ, “ಜಾರ್ಜಿಯಾ” ಎಂದರು.

“ಯಾಕಪ್ಪಾ?” ಎಂದು ಮಗಳು ಕೇಳಿದಳು.

“ಅಲ್ಲಿ ಜನ ಬಾಗ್ಲು ತಟ್ಟಿ ಒಳಕ್ ಬತ್ತಾರೆ ಕಣಮ್ಮ. ಹೆಣ್ಮಗ ಇರೋ ಜಾಗ.”

ಒಂದು ಹೆಣ್ಣುಮಗಳ ವಿದ್ಯಾಭ್ಯಾಸ ರಟ್ಟಿಲ್ಲದ ಪುಸ್ತಕವೊಂದರ ಸಾಕ್ಷ್ಯದ ಮೇಲೆ ತೀರ್ಮಾನವಾದದ್ದು ಹೀಗೆ. ಹುಡುಗಿ ಚೆನ್ನಾಗಿಯೇ ಓದಿದಳು ಎಂಬುದನ್ನೂ ಹೇಳಬೇಕು. ತೀರ್ಮಾನದ ಕಾರಣ ತಪ್ಪಿದ್ದರೂ ತೀರ್ಮಾನ ಸರಿಯಿರಬಹುದು ಎಂಬುದನ್ನು ಕಾರ್ಖಾನೆಯಲ್ಲೂ ಕಂಡಿದ್ದೇನೆ.

ಅವಳ ಕೊನೆಯ ವರ್ಷದಲ್ಲಿ, ಕಥೆ ಬರೆದವರನ್ನು ಹುಡುಕಿ, ಮೇಷ್ಟ್ರೂ ನಾನೂ ಜಾರ್ಜಿಯಾಕ್ಕೆ ಹೊರಟೆವು. ಮೇಷ್ಟ್ರ ಹೆಂಡತಿ ವಿಮಾನ ಹತ್ತಲು ಒಪ್ಪಲಿಲ್ಲ. “ದಾರಿ ತಪ್ಪುದ್ರೂ ದಾರಿ ಬೋ ಚೆನ್ನಾಗೈತೆ ಅನ್ನೋ ಪೈಕಿ ಇವ್ರು. ನೀವ್ ಜೊತೇಲಿ ಹೋಗಣ್ಣಾ” ಎಂದು ನನ್ನನ್ನು ಅವರಿಗೆ ಗಂಟುಹಾಕಿದರು. ಮೇಷ್ಟ್ರು ಹೊಸೂರಿನಲ್ಲಿ ಜರಿಯಂಚಿನ ಹೊಸ ಶಾಲು ಕೊಂಡರು. ನಮ್ಮ ಕಡೆ ಸನ್ಮಾನದ ಶಾಲುಗಳು ಒಬ್ಬರ ಹೆಗಲಿನಿಂದ ಇನ್ನೊಬ್ಬರ ಹೆಗಲಿಗೆ ಊರೂರು ತಿರುಗುವುದು ವಾಡಿಕೆ; ಅವರ ಬೀರುವಿನಲ್ಲೇ ಹನ್ನೊಂದು ಇದ್ದವು. “ನಂಗೆ ಹೊದಿಸಿದ್ದುನ್ನ ಅವ್ರಿಗೆ ಹೊದಿಸಾಕಾಯ್ತದೇನ್ಲಾ?” ಎಂದರು. ಶಾಲು ಒಂದೇ, ಆದ್ದರಿಂದ ಸರಿಯಾದ ಮನುಷ್ಯನಿಗೇ ಸೇರಬೇಕು. ಇದನ್ನು ನೋಡಿಕೊಳ್ಳುವುದು ನನ್ನ ಪಾಲಿನ ಕರ್ತವ್ಯವೆಂದು ನಾನು ತಿಳಿದೆ. ಅವರು ಹಾಗೆ ಹೇಳಿರಲಿಲ್ಲ.

ಆ ದೇಶದಲ್ಲಿ ಕವಿಗಳು, ಕಥೆಗಾರರು, ಸಂಗೀತಗಾರರು ಬಾಳಿದ ಮನೆಗಳನ್ನು, ಅವರು ಈಗ ತಾನೇ ಎದ್ದು ಹೊರಗೆ ಹೋದರೆಂಬಂತೆ, ಮಂಚ, ಮೇಜು, ಮಸಿಕುಡಿಕೆಗಳ ಸಮೇತ ಕಾಪಾಡಿ ಇಟ್ಟಿದ್ದಾರೆ. ಒಂದೊಂದು ಮನೆಗೂ ಬಹುಮಟ್ಟಿಗೆ ವಯಸ್ಸಾದ ಹೆಂಗಸೊಬ್ಬರು ಕಾವಲು. ಪವಿತ್ರ ನಾಲ್ಕು ಮನೆಗಳ ಪಟ್ಟಿ ಮಾಡಿದ್ದಳು. ಪ್ರತಿಯೊಂದು ಮನೆಯಲ್ಲೂ ಕಥೆ ಹೇಳುವುದು, ಇದು ನಿಮ್ಮವರದೋ ಎಂದು ಕೇಳುವುದು: ಇದು ಮೇಷ್ಟ್ರ ಯೋಜನೆ.

ಮೊದಲನೆಯದು ರಾಜಧಾನಿ ಟಿಬಿಲಿಸಿಯಲ್ಲಿ, ಮೂರನೆಯ ಮಹಡಿಯ ಒಬ್ಬ ಕವಿಯ ಮನೆ. ಮೇಷ್ಟ್ರು ಮೆಟ್ಟಿಲಲ್ಲೇ ಶೂ, ಕಾಲುಚೀಲ ಕಳಚಿ ಬರಿಗಾಲಲ್ಲಿ ಹೊಸ್ತಿಲು ಮುಟ್ಟಿ ನಮಸ್ಕರಿಸಿ ಒಳಗೆ ಹೋದರು. ಬೀಗದಕೈ ಗೊಂಚಲು ಹಿಡಿದಿದ್ದ ಕಾವಲಿನ ಅಮ್ಮ ಆ ಚಳಿಯಲ್ಲಿ ಬರಿಗಾಲು ಕಂಡು ಬೆಚ್ಚಿ, ಒಳಗೋಡಿ, ಉಣ್ಣೆಯ ಒಂದು ಜೊತೆ ಮೆಟ್ಟು ತಂದು ಮುಂದೆ ಹಿಡಿದರು. ಮೇಷ್ಟ್ರು ಅವನ್ನು ಎರಡೂ ಅಂಗೈಯಲ್ಲಿ ತೆಗೆದುಕೊಂಡು, ಕಣ್ಣಿಗೊತ್ತಿಕೊಂಡು, ತಲೆಯ ಮೇಲಿಟ್ಟುಕೊಂಡರು. ಕವಿಯ ಪಾದುಕೆಗಳೆಂದು ತಿಳಿದಿದ್ದರು. ಹಾಕಿಕೊಳ್ಳಿ ಎಂದು ಆಕೆ ಸನ್ನೆ ಮಾಡಿದಷ್ಟೂ ಇವರು ಕಿವಿ ಹಿಡಿದುಕೊಂಡು, “ಅಪಚಾರ, ಅಪಚಾರ” ಎಂದು ಹಿಂದೆ ಸರಿದರು.

ಆಮೇಲೆ ಕಥೆ. ಮೊದಲು ಕನ್ನಡದಲ್ಲಿ ಹೇಳಿದರು, ಆಕೆಗೆ ತಿಳಿಯಲಿಲ್ಲ. ತಮಿಳಿನಲ್ಲಿ ಹೇಳಿದರು. ಅದೂ ತಿಳಿಯದಿದ್ದಾಗ, ಗಟ್ಟಿಯಾಗಿ, ತೆಲುಗಿನಲ್ಲಿ ಹೇಳಿದರು. ಕನ್ನಡವೂ ತಮಿಳೂ ಬಾರದವರಿಗೆ ತೆಲುಗು ಬಂದೇ ಬರುತ್ತದೆ ಎಂಬುದು ನಮ್ಮ ಕಡೆಯ ಅನುಭವ. ಅದು ಎಷ್ಟು ದೂರದವರೆಗೆ ನಿಜ ಎಂಬುದನ್ನು ಅಂದು ಕಂಡುಕೊಂಡೆವು. ಕೊನೆಗೆ ಪವಿತ್ರ ಅಲ್ಲಿಯ ಭಾಷೆಯಲ್ಲಿ ಹೇಳಿದಳು. ಅವಳು ಆ ಭಾಷೆಯನ್ನು ಆಸ್ಪತ್ರೆಯಲ್ಲಿ ರೋಗಿಗಳನ್ನು ವಿಚಾರಿಸುತ್ತ ಕಲಿತವಳು. ಆದ್ದರಿಂದ ಅವಳ ಕಥೆ, ಅವಳೇ ನಮಗೆ ವಿವರಿಸಿದಂತೆ, ಹೀಗಿತ್ತು: ಒಬ್ಬ ಮುದುಕ ಇದ್ದಾನೆ. ಬೆನ್ನಿನ ಮೇಲೆ ಬಾಗಿಲು ಇದೆ. ಬೆಳಗ್ಗೆಯಿಂದ ಇದೆ. ನಡೆದರೆ ಹೆಚ್ಚಾಗುತ್ತದೆ, ಕುಳಿತರೆ ಕಡಿಮೆಯಾಗುತ್ತದೆ.

ನಾಲ್ಕು ವಾಕ್ಯ ಮುಗಿಯುವ ಮೊದಲೇ ಆ ಅಮ್ಮ, ಹೌದು ಹೌದು, ಇದು ನಮ್ಮ ಕವಿಯದೇ ಎಂದರು. ಯಾವ ಪುಸ್ತಕದಲ್ಲಿದೆ ಎಂದು ನಾನು ಪವಿತ್ರಳಿಂದ ಕೇಳಿಸಿದೆ. ಆಕೆ ಗೋಡೆಯುದ್ದದ ಕಪಾಟನ್ನು ತೋರಿಸಿದರು. ಮೇಷ್ಟ್ರ ಕೈ ಆಗಲೇ ಚೀಲದೊಳಗೆ ಶಾಲಿಗಾಗಿ ತಡಕಾಡುತ್ತಿತ್ತು.

“ತಡ್ಯಲಾ” ಎಂದೆ. ಮಂಚವನ್ನು ಗೇಣು ಹಾಕಿ ನೋಡಿದೆ. ಗೋಡೆಯ ಚಿತ್ರದಲ್ಲಿ ಬಾಗಿಲುದ್ದ ನಿಂತಿರುವ ಕವಿ ಆ ಮಂಚದಲ್ಲಿ ಮಂಡಿ ಮಡಿಸದೆ ಮಲಗುವಂತಿರಲಿಲ್ಲ. ಆ ಕಾಲದಲ್ಲಿ ಅರ್ಧ ಕುಳಿತೇ ಮಲಗುತ್ತಿದ್ದರು ಎಂದು ಅಮ್ಮ ಉತ್ತರ ಕೊಟ್ಟರು. ಮಂಚದ ವಿಷಯದಲ್ಲೇ ಇಷ್ಟು ಸಲೀಸಾಗಿ ಉತ್ತರ ಬರುವ ಕಡೆ ಕಥೆಯ ವಿಷಯದಲ್ಲಿ ನಂಬುವುದು ಹೇಗೆ? ಶಾಲು ಚೀಲದಲ್ಲೇ ಉಳಿಯಿತು.

ಹೊರಡುವಾಗ ಮೇಷ್ಟ್ರು ಆ ಗಿಡ್ಡ ಮಂಚಕ್ಕೆ ಕೈಮುಗಿದು, “ಬತ್ತೀನಿ ಸ್ವಾಮಿ” ಎಂದರು. ಸಾವಿನ ಮನೆಯಿಂದ ಹೊರಡುವಾಗ ‘ಬರುತ್ತೇನೆ’ ಎನ್ನಬಾರದು, ಹೇಳದೆ ಎದ್ದು ಬರಬೇಕು ಎಂದು ನಾನು ನೆನಪಿಸಿದೆ. “ಸಾವಿನ್ ಮನೇಲಿ ಯಾರ್ಲಾ ಹಾಸ್ಗೆ ಹಾಸಿಟ್ಟು, ಕನ್ನಡಕ ತೆಗೆದಿಟ್ಟು ಕಾಯ್ತಾರೆ? ಇದು ಬದ್ಕಿರೋ ಮನೆ” ಎಂದರು. ಮೂರು ಮಹಡಿ ಇಳಿಯುವವರೆಗೂ ಈ ಚರ್ಚೆ ನಡೆದು, ಕೆಳಗೆ ಬಂದ ಮೇಲೆ ಅವರು ಇನ್ನೂ ಬರಿಗಾಲಲ್ಲಿದ್ದಾರೆಂದು ತಿಳಿದು ಮತ್ತೆ ಹತ್ತಿದೆವು. ಹೀಗೆ, ಬರುತ್ತೇನೆ ಎಂದ ಅವರ ಮಾತು ಐದು ನಿಮಿಷದಲ್ಲಿ ನಿಜವೂ ಆಯಿತು.

ಎರಡನೆಯ ಮನೆ ಒಬ್ಬ ಸಂಗೀತಗಾರರದು. ಅವರು ಕಥೆಯನ್ನೇ ಬರೆದವರಲ್ಲ. ಪವಿತ್ರಳ ಪಟ್ಟಿಯಲ್ಲಿ ತಪ್ಪಾಗಿ ಸೇರಿತ್ತು. ಆದರೂ ಅಲ್ಲಿಯ ಅಮ್ಮ ಕಥೆ ಕೇಳಿ, ಇದು ನಮ್ಮವರದೇ, ಅವರು ಬರಹದ ಬದಲು ಸ್ವರದಲ್ಲಿ ಹೇಳಿದ್ದಾರೆ ಎಂದು ಪಿಯಾನೊದ ಮುಚ್ಚಳ ತೆಗೆದು ಮೂರು ಸಲ ಟಕ್ ಟಕ್ ಟಕ್ ಎನಿಸಿದರು. ಬಾಗಿಲು ತಟ್ಟಿದ ಸದ್ದಂತೆ. ಮೇಷ್ಟ್ರ ಕೈ ಮತ್ತೆ ಶಾಲಿನ ಚೀಲಕ್ಕೆ ಹೋಯಿತು. ನಾನು ಬೇಡವೆಂದು ತಲೆಯಾಡಿಸಿದೆ. ಅಲ್ಲಿಂದ ಹೊರಗೆ ಬಂದು ಅವರು ಒಂದು ಬೀದಿಯುದ್ದ ನನಗಿಂತ ಹತ್ತು ಹೆಜ್ಜೆ ಮುಂದೆ ನಡೆದರು.

ಮೂರನೆಯದು ಊರಾಚೆ, ದ್ರಾಕ್ಷಿತೋಟಗಳ ನಡುವಿನ ಹಳ್ಳಿಯ ಒಬ್ಬ ಕಥೆಗಾರರ ಮನೆ. ಕಾವಲಿದ್ದವರು ಗಂಡಸು, ದೊಡ್ಡ ಹೊಟ್ಟೆಯ ಉದಾರಿ. ಕಥೆ ಕೇಳುವ ಮೊದಲೇ ನಮ್ಮದೇ ಎಂದು ಒಪ್ಪಿಕೊಂಡು, ಹೂಜಿಯಲ್ಲಿ ಆ ಮನೆಯದೇ ದ್ರಾಕ್ಷಾರಸ ತಂದರು. ಮೇಷ್ಟ್ರು ಹುಟ್ಟಿದಮೇಲೆ ಮದ್ಯ ಮುಟ್ಟಿದವರಲ್ಲ. ಆದರೆ ಗುರುವಿನ ಮನೆಯಲ್ಲಿ ಕೊಟ್ಟದ್ದು ತೀರ್ಥ. ಬಲಗೈ ಬೊಗಸೆ ಮಾಡಿ ಒಡ್ಡಿದರು, ಸದ್ದು ಮಾಡಿ ಕುಡಿದರು, ಒದ್ದೆಗೈಯನ್ನು ತಲೆಗೆ ಸವರಿಕೊಂಡರು. ಲೋಟ ಬೇಡವೆನ್ನುವ ಅತಿಥಿಯನ್ನು ಆತ ಮೊದಲ ಸಲ ಕಂಡಿರಬೇಕು. ಆನಂದದಿಂದ ಮತ್ತೆ ಸುರಿದರು. ತೀರ್ಥವನ್ನು ಮೂರು ಸಲ ತೆಗೆದುಕೊಳ್ಳುವುದು ಕ್ರಮ. ಆತ ನಿಲ್ಲಿಸದ್ದರಿಂದ ಮೇಷ್ಟ್ರೂ ನಿಲ್ಲಿಸಲಿಲ್ಲ. ಎಂಟನೆಯ ಬೊಗಸೆಯ ಹೊತ್ತಿಗೆ ಅವರ ಬೋಳುತಲೆ ದಾಸವಾಳದಂತೆ ಹೊಳೆಯುತ್ತಿತ್ತು.

“ಇವ್ರೇ ಕಣ್ಲಾ. ಸಂಶ್ಯ ಇಲ್ಲ. ಶಾಲು ತೆಗಿ” ಎಂದರು.

ನಾನು ಗೋಡೆಯ ಮೇಲಿನ ವಿವರಗಳನ್ನು ಪವಿತ್ರಳಿಂದ ಓದಿಸಿಕೊಂಡಿದ್ದೆ. ಆ ಕಥೆಗಾರರು ಬಹಳ ಹಿಂದಿನವರು, ವಿದ್ಯುತ್ತು ಬರುವ ಮುನ್ನವೇ ತೀರಿಕೊಂಡವರು. “ನಿನ್ ಕಥೇಲಿ ಮೂರನೆಯವ್ನು ಬ್ಯಾಟ್ರಿ ಬಿಟ್ಕೊಂ‌ಡ್ ಬತ್ತಾನಲ್ಲ. ಇವರ ಕಾಲದಲ್ಲಿ ಬ್ಯಾಟ್ರಿ ಎಲ್ಲಿತ್ತು?” ಎಂದು ಕೇಳಿದೆ.

“ಬ್ಯಾಟ್ರಿ ನಾನ್ ಸೇರ್ಸಿದ್ದು.”

“ಹಂಗಾದ್ರೆ ಇನ್ನೇನೇನ್ ಸೇರ್ಸಿದೀಯಾ? ಹಲಸಿನ ಬಾಗ್ಲು, ಮುದ್ದೆ, ಕರಡಿ ಬುಡು. ಕುರಿಗಾಹಿ ಅವರವ್ನಾ ನಿನ್ನವ್ನಾ? ಏಳು ಜನ ಅವರ ಲೆಕ್ಕವಾ ನಿನ್ ಲೆಕ್ಕವಾ? ಕೊನೆಗೆ, ತಟ್ಟಿದ್ದು?”

ಅವರು ಕನ್ನಡಕ ತೆಗೆದರು, ಒರೆಸದೆ ಕೈಯಲ್ಲೇ ಹಿಡಿದುಕೊಂಡು ನಿಂತರು. “ನಂಗೇ ಗೊತ್ತಿಲ್ಲ ಕಣ್ಲಾ” ಎಂದು ಮೆಲ್ಲಗೆ ಹೇಳಿದರು. ಮರುಗಳಿಗೆ ಕೆಂಪಾಗಿ ಕೂಗಿದರು: “ನೀನು ನನ್ ಜೊತೆ ಬಂದಿದ್ಯೋ, ಮಾಲು ರಿಜೆಕ್ಟ್ ಮಾಡಾಕ್ ಬಂದಿದ್ಯೋ? ಹುಟ್ಟಿದ್ ಮಗೂಗೂ ಅಳತೆ ಹಿಡಿಯೋ ನನ್ಮಗ್ನೇ!” ಕಾವಲಿನ ಉದಾರಿ ಇದನ್ನು ಯಾವುದೋ ಹಾಡೆಂದು ತಿಳಿದು ಚಪ್ಪಾಳೆ ತಟ್ಟಿದರು.

ಒಂದೂವರೆ ದಿನ ಅವರು ನನ್ನೊಂದಿಗೆ ಮಾತನಾಡಲಿಲ್ಲ. ಒಂದೇ ಕೋಣೆಯಲ್ಲಿದ್ದೆವು. “ಮಗಾ, ಅವ್ರಿಗೆ ಕಾಫಿಗೆ ಸಕ್ರೆ ಬೇಕಾ ಕೇಳು” ಎಂದು, ಎರಡು ಮಾರು ದೂರದಲ್ಲಿ ಕುಳಿತ ನನ್ನನ್ನು ಪವಿತ್ರಳ ಮೂಲಕ ವಿಚಾರಿಸುತ್ತಿದ್ದರು. ಬಹುವಚನ ಬಳಸಿದ್ದರಿಂದ ಪೆಟ್ಟು ಆಳಕ್ಕೆ ಇಳಿದಿದೆ ಎಂದು ನನಗೆ ತಿಳಿಯಿತು. ನಾನು ಕೇಳಿದ ಪ್ರಶ್ನೆಯಲ್ಲಿ ತಪ್ಪಿರಲಿಲ್ಲ; ಇಂದಿಗೂ ಇಲ್ಲ ಎನ್ನುತ್ತೇನೆ. ಆದರೆ ಆ ಕಥೆ ಇನ್ನೊಬ್ಬರದು ಎಂಬ ನಂಬಿಕೆಯ ಮೇಲೆ ಒಬ್ಬ ಮನುಷ್ಯ ತನ್ನ ಜೀವಮಾನದ ಕೃತಜ್ಞತೆಯನ್ನು ಕಟ್ಟಿಕೊಂಡಿದ್ದ. ಅದರ ಬುಡಕ್ಕೆ ನಾನು ಗೇಣು ಹಾಕಿದ್ದೆ.

ನಾಲ್ಕನೆಯ ಮನೆಗೆ ಹೋದದ್ದು ಹಿಂತಿರುಗುವ ಹಿಂದಿನ ದಿನ. ಬೆಟ್ಟದ ಹಳ್ಳಿ, ಮರದ ಮೊಗಸಾಲೆಯ ಹಳೆಯ ಮನೆ, ಒಳಗೆ ಹೊರಗಿಗಿಂತ ಹೆಚ್ಚು ಚಳಿ. ಕಪ್ಪು ಉಡುಪಿನ ಮುದುಕಿಯೊಬ್ಬರು ಕೈಗಳನ್ನು ಉಡುಪಿನ ತೋಳುಗಳೊಳಗೆ ಸೇರಿಸಿಕೊಂಡು ಕುಳಿತಿದ್ದರು. ಮೇಷ್ಟ್ರು ಕಥೆಯನ್ನು ಕನ್ನಡದಲ್ಲಿ ಒಂದೇ ಸಲ, ಮೆಲುದನಿಯಲ್ಲಿ ಹೇಳಿ, ಮುಗಿಸಿ, ಉತ್ತರಕ್ಕೆ ಕಾಯದೆ ಪಕ್ಕದ ಕೋಣೆಗೆ ಹೋಗಿ ಬರಹಗಾರರ ಖಾಲಿ ಕುರ್ಚಿಯ ಎದುರು ನಿಂತುಬಿಟ್ಟರು. ಪವಿತ್ರ ಮುದುಕಿಗೆ ಕಥೆ ಹೇಳಿದಳು. ಆಕೆ ಹೌದೆಂದು ನಡುವೆ ಬಾಯಿ ಹಾಕಲಿಲ್ಲ. ಕೆನ್ನೆಗೆ ಕೈಕೊಟ್ಟು ಕೊನೆಯವರೆಗೂ ಕೇಳಿದರು, ನಗಬೇಕಾದಲ್ಲಿ ನಕ್ಕರು. ಕರಡಿ ತಟ್ಟಿದಾಗ ‘ಯಾರು?’ ಎಂದು ತಾವೇ ಕೇಳಿದರು. ಆಮೇಲೆ ಏನೋ ಹೇಳಿ, ಇಲ್ಲವೆಂಬಂತೆ ತಲೆ ಅಲ್ಲಾಡಿಸಿದರು.

ಪವಿತ್ರ ನನ್ನ ಬಳಿ ಬಂದು ಪಿಸುಗುಟ್ಟಿದಳು: “ಇನ್ಸ್‌ಪೆಕ್ಟ್ರು ತಾತ, ಇದು ಅವ್ರದಲ್ವಂತೆ. ಅವರು ಜೀವ್ನದಲ್ಲಿ ಇಷ್ಟು ಚಿಕ್ಕದಾಗಿ ಏನೂ ಬರ್ದಿಲ್ವಂತೆ. ಈ ಕಥೆ ಈ ಸೀಮೇಲೇ ಕೇಳಿಲ್ವಂತೆ. ನಂಗೆ ತಾತಂಗ್ ಹೇಳಾಕಾಗಲ್ಲ. ನೀವೇ ಹೇಳ್ಬುಡಿ, ನಿಮ್ಗೆ ಅಭ್ಯಾಸ ಐತಲ್ಲ.”

ಆ ಮುದುಕಿಯ ಮೇಲೆ ನನಗೆ ಅಪಾರ ಗೌರವ ಹುಟ್ಟಿತು. ನಾಲ್ಕು ಮನೆಗಳಲ್ಲಿ ತನ್ನದಲ್ಲದ್ದನ್ನು ತನ್ನದಲ್ಲ ಎಂದವರು ಅವರೊಬ್ಬರೇ. ಅವರ ಸಾಕ್ಷ್ಯವನ್ನು ಹೊತ್ತುಕೊಂಡು ನಾನು ಪಕ್ಕದ ಕೋಣೆಗೆ ಹೋದೆ.

ಮೇಷ್ಟ್ರು ಶಾಲನ್ನು ಪ್ಲಾಸ್ಟಿಕ್ ಚೀಲದಿಂದ ಹೊರಗೆ ತೆಗೆದು ಎರಡೂ ಕೈಗಳ ಮೇಲೆ ಹರಡಿಕೊಂಡು ನಿಂತಿದ್ದರು. ಒಂದೂವರೆ ದಿನದ ಮೇಲೆ ಮೊದಲ ಸಲ ನೇರವಾಗಿ ಕೇಳಿದರು: “ಏನಂತ್ಲಾ?”

“ಇವರೇ ಕಣ್ಲಾ” ಎಂದೆ.

ನನ್ನ ದನಿಯನ್ನು ನಾನೇ ಕೇಳಿಸಿಕೊಂಡೆ. ಬೇರೆ ಯಾರದೋ ಬಾಯಿಂದ ಬಂದಂತಿತ್ತು.

“ಖಾತ್ರೀನಾ?”

“ಖಾತ್ರಿ.”

“ಮಂಚ ಅಳತೆ ನೋಡುದ್ಯಾ?”

“ನೋಡ್ದೆ. ಸರಿಯಾಗೈತೆ.”

ಅವರು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. “ನೀನೇ ಹೇಳುದ್ ಮೇಲೆ ಇನ್ನೇನೈತೆ” ಎಂದು ಗಂಟಲು ಸರಿಪಡಿಸಿಕೊಂಡು ಭಾಷಣ ಆರಂಭಿಸಿದರು. ಖಾಲಿ ಕುರ್ಚಿಯನ್ನು ‘ಮಾನ್ಯರೇ’ ಎಂದು ಸಂಬೋಧಿಸಿ, ತಳಿಯ ಸೀಮೆಯ ಎಲ್ಲ ಮಕ್ಕಳ ಪರವಾಗಿ, ಅಚ್ಚಗನ್ನಡದಲ್ಲಿ ಕಾಲು ಗಂಟೆ ಮಾತನಾಡಿದರು. ಹೆಸರು ತಿಳಿಯದೆ ಇಷ್ಟು ಕಾಲ ಕಥೆಯನ್ನು ಬಳಸಿಕೊಂಡದ್ದಕ್ಕೆ ಕ್ಷಮೆ ಕೋರಿದರು. “ಬ್ಯಾಟರಿ ಮತ್ತು ಕರಡಿ ನನ್ನವು, ಅವನ್ನು ಮನ್ನಿಸಬೇಕು” ಎಂದರು. ಶಾಲನ್ನು ಕುರ್ಚಿಯ ಬೆನ್ನಿಗೆ ಹೊದಿಸಿ, ಕೈಮುಗಿದು ಹಿಂದೆ ಸರಿದರು.

ಅಷ್ಟರಲ್ಲಿ ಮುದುಕಿ ಬಂದರು. ಯಾವ ವಸ್ತುವನ್ನೂ ಮುಟ್ಟಬಾರದೆಂಬ ಫಲಕ ಅವರ ತಲೆಯ ಮೇಲೆಯೇ ಇತ್ತು. ಶಾಲನ್ನು ಕುರ್ಚಿಯಿಂದ ಎತ್ತಿ, ತಿರುಗಿಸಿ ನೋಡಿ, ಜರಿಯನ್ನು ಬೆರಳಿನಿಂದ ಸವರಿ, ಚಳಿಗೆ ನಡುಗುತ್ತಿದ್ದ ತಮ್ಮ ಹೆಗಲಿಗೇ ಸುತ್ತಿಕೊಂಡು, ಮೇಷ್ಟ್ರ ಎರಡೂ ಕೆನ್ನೆಗೆ ಮುತ್ತಿಟ್ಟರು. ತಮಗೇ ತಂದದ್ದೆಂದು ತಿಳಿದಿದ್ದರು. ನಾನು ಬಾಯಿ ತೆರೆಯುವಷ್ಟರಲ್ಲಿ ಮೇಷ್ಟ್ರು ನನ್ನ ಕೈ ಅದುಮಿದರು. “ಬುಡ್ಲಾ. ಮನೆಯೋರು ಹೊದ್ಕೊಂಡ್ರೆ ಅವ್ರು ಹೊದ್ಕೊಂಡಂಗೇ.” ಅವರ ಮುಖ ಎಂಟು ಬೊಗಸೆ ತೀರ್ಥ ಕುಡಿದ ದಿನಕ್ಕಿಂತ ಕೆಂಪಾಗಿತ್ತು.

ಊರಿಗೆ ಬಂದ ಮೇಲೆ ನನ್ನ ಶಿಕ್ಷೆ ಆರಂಭವಾಯಿತು. ಮದುವೆ, ನಾಮಕರಣ, ಹಳೆಯ ವಿದ್ಯಾರ್ಥಿಗಳ ಕೂಟ, ಎಲ್ಲೇ ನಾಲ್ಕು ಜನ ಸೇರಲಿ, ಮೇಷ್ಟ್ರು ಕಥೆ ಹೇಳಿ, ಈಗ ಬರೆದವರ ಹೆಸರನ್ನೂ ಹೇಳಿ, ನನ್ನತ್ತ ತಿರುಗುತ್ತಿದ್ದರು. “ನಾನ್ ಹೇಳುದ್ರೆ ನಂಬ್ಬ್ಯಾಡ್ರಪ್ಪ. ಇಗೋ, ಕೃಷ್ಣಗಿರಿ ಜಿಲ್ಲೇಲೇ ಯಾರ್ ಮಾತೂ ನಂಬ್ದೆ ಇರೋ ಮನುಷ್ಯ. ಇವನ್ನ ಕೇಳಿ. ಹೌದೇನ್ಲಾ ಇನ್ಸ್‌ಪೆಕ್ಟ್ರೇ?” ಎಲ್ಲರೂ ನನ್ನನ್ನು ನೋಡುತ್ತಿದ್ದರು. “ಹೌದು” ಎನ್ನುತ್ತಿದ್ದೆ. ಒಂದು ಸಲ ಊಟದ ಪಂಕ್ತಿಯಲ್ಲಿ, ಬಾಯಿತುಂಬ ಅನ್ನವಿದ್ದಾಗ ಕೇಳಿದರು. ನುಂಗಿ ಹೌದೆನ್ನುವವರೆಗೂ ಬಡಿಸುವವರನ್ನು ನಿಲ್ಲಿಸಿಟ್ಟಿದ್ದರು. ಎರಡು ವರ್ಷ ಹೀಗೆ ನಡೆಯಿತು. ನಿಜ ಹೇಳಿಬಿಡಬೇಕೆಂದು ಎಷ್ಟೋ ಸಲ ಅವರ ಮನೆಯ ಜಗುಲಿಯವರೆಗೆ ಹೋಗಿ, ಮಜ್ಜಿಗೆ ಕುಡಿದು ಹಿಂತಿರುಗಿದ್ದೇನೆ. ಹೇಳುವ ಮೊದಲೇ ಅವರು ಹೋದರು.

ಹನ್ನೊಂದನೆಯ ದಿನದ ಕಾರ್ಯಕ್ಕೆ ಪವಿತ್ರ ಬಂದಿದ್ದಳು. ಊಟವಾದ ಮೇಲೆ ಹಿತ್ತಿಲಲ್ಲಿ ಕೈತೊಳೆಯುತ್ತಿದ್ದಾಗ, ಮನಸ್ಸಿನ ಭಾರ ತಡೆಯಲಾರದೆ ಅವಳಿಗೆ ಹೇಳಿದೆ: “ನಿಮ್ ತಾತಂಗೆ ಮೋಸ ಮಾಡ್ಬುಟ್ಟೆ ಮಗಾ.”

ಅವಳು ಅಳುತ್ತಿದ್ದವಳು ನಕ್ಕುಬಿಟ್ಟಳು. “ತಾತಂಗೆ ಅವತ್ತೇ ಗೊತ್ತಿತ್ತು. ಬೆಟ್ಟ ಇಳಿಯುವಾಗ ನೀವು ಗಾಡೀಲಿ ನಿದ್ದೆ ಹೋಗ್ಬುಟ್ರಿ. ‘ಆವಮ್ಮ ಏನಂದ್ರು, ನಿಜ ಹೇಳು’ ಅಂತ ಕೇಳುದ್ರು. ಹೇಳ್ದೆ. ಹೊಟ್ಟೆ ಹಿಡ್ಕೊಂಡು ನಗಾಕ್ ಶುರು ಮಾಡುದ್ರು, ಡ್ರೈವರು ಏನಾಯ್ತೋ ಅಂತ ಗಾಡಿ ನಿಲ್ಲಿಸ್ಬುಟ್ಟ. ‘ಅವನ್ನ ಎಬ್ಬಿಸ್ಬ್ಯಾಡ ಮಗಾ. ಹುಟ್ಟಿದ್ ಮೇಲೆ ಒಂದ್ ಸುಳ್ ಹೇಳವ್ನೆ, ಅದೂ ನನ್ಗೋಸ್ಕರ. ನಂಬಿದಂಗೇ ಇದ್ಬುಡಾನ’ ಅಂದ್ರು.”

“ಹಂಗಾದ್ರೆ ಊರೋರ ಮುಂದೆಲ್ಲಾ ನನ್ ಕೈಲಿ ಯಾಕ್ ಹೇಳುಸ್ತಿದ್ರು?”

“ಅದ್ನೂ ಫೋನ್ನಾಗೆ ಕೇಳಿದ್ದೆ. ‘ಸುಳ್ ಹೇಳಾವಾಗ ಅವನ್ ಮೊಕ ನೋಡ್ಬೇಕು ಮಗಾ, ಏನ್ ಚೆನ್ನಾಗ್ ಕಾಣ್ತಾನೆ’ ಅಂದ್ರು.”



ಕಳೆದ ವಾರ ಹಳೆಯ ವಿದ್ಯಾರ್ಥಿಗಳು ಮೇಷ್ಟ್ರ ನೆನಪಿನ ಸಂಚಿಕೆಯ ಅಚ್ಚಿನ ಕರಡನ್ನು ತಂದುಕೊಟ್ಟರು. ನಾನು ನೋಡಿ ಒಪ್ಪಿದರೆ ಮಾತ್ರ ಮುದ್ರಣಕ್ಕೆ ಹೋಗುತ್ತದಂತೆ. ಮೊದಲ ಪುಟದಲ್ಲಿ ಬಾಗಿಲು ಹೊತ್ತ ಮುದುಕನ ಕಥೆಯಿದೆ. ಅದರ ಕೆಳಗೆ, ಆ ಬೆಟ್ಟದ ಮನೆಯ ಬರಹಗಾರರ ಹೆಸರಿದೆ. ಎರಡು ದಿನ ಕುಳಿತು ಅಕ್ಷರ ಅಕ್ಷರ ನೋಡಿದೆ. ಅಷ್ಟೂ ಪುಟಗಳಲ್ಲಿ ಒಂಬತ್ತು ತಪ್ಪುಗಳಿದ್ದವು. ಎಂಟನ್ನು ತಿದ್ದಿ, ಸಹಿ ಹಾಕಿ ಕೊಟ್ಟೆ.